ಥಂಡಿಯಲ್ಲಿದ್ದ ಸಣ್ಣವ

ಸಿರ್ಗಾಪುರದ ನಮ್ಮ ಓಣಿಯ ಕುರಿಗಾರನಿಗೆ ಇದ್ದವನು ಒಬ್ಬನೇ ಮಗ. ಕುರಿಗಾರ ಮಾತ್ರ ತನಗೆ ಇಬ್ಬರು ಎನ್ನುತ್ತಿದ್ದ.

ಮಗನಿಗೆ ಏಳು ವರ್ಷವಿದ್ದಾಗ ರಕ್ತದ ಕ್ಯಾನ್ಸರ್ ಬಂದಿತ್ತು. ಅದಕ್ಕೆ ಕೊಡುವ ಔಷಧದಿಂದ ಮುಂದೆ ಮಕ್ಕಳಾಗದೇ ಹೋಗಬಹುದೆಂದು, ಹೈದರಾಬಾದಿನ ಡಾಕ್ಟರರು ಮೊದಲೇ ಅವನ ವೃಷಣದ ಒಂದು ಚೂರು ತೆಗೆದು ಹೆಪ್ಪುಗಟ್ಟಿಸಿ ಇಟ್ಟರು. ಹುಡುಗ ಉಳಿದ, ಮೀಸೆ ಬಂತು, ಮದುವೆಯಾಯಿತು; ಮಕ್ಕಳಾಗಲಿಲ್ಲ. ಕುರಿಗಾರ ಬೀಡಿ ಹಚ್ಚಿದಾಗಲೆಲ್ಲ ಹೈದರಾಬಾದಿನ ದಿಕ್ಕಿಗೆ ತಿರುಗಿ, "ಸಣ್ಣಾಂವ ಇನ್ನಾ ಥಂಡ್ಯಾಗ ಹಾನ" ಎನ್ನುತ್ತಿದ್ದ.

"ಕಾಕಾ, ಅದು ಒಂದ್ ಚೂರು ಅಷ್ಟೇ ಅದರಿ" ಎಂದೆ ಒಮ್ಮೆ.

ಆತ ಹೆಗಲ ಕಂಬಳಿಯನ್ನು ಎದೆಗೆ ಎಳೆದುಕೊಂಡ. "ಇಂವ ಬೆಳದಾನ. ಅಂವ ಬೆಳದಿಲ್ಲ. ಅಂವಗ ಇನ್ನಾ ಏಳೇ ವರ್ಸ."

ಹೋದ ಬೇಸಿಗೆಯಲ್ಲಿ ಆ ಚೂರನ್ನು ಮಗನ ಮೈಯೊಳಗೆ ಮರಳಿ ಕೂಡಿಸಿದರು. ಫಲಿಸುತ್ತದೆಂದು ಯಾರೂ ಮಾತು ಕೊಡಲಿಲ್ಲ. ಅವರನ್ನು ಊರಿಗೆ ಕರೆತಂದದ್ದು ನನ್ನ ಕಾರಿನಲ್ಲಿ. ಮಗ ಚಿಕ್ಕವನಿದ್ದಾಗ ಹೊದೆಯುತ್ತಿದ್ದ ಪುಟ್ಟ ಕಂಬಳಿ ಕುರಿಗಾರನ ತೊಡೆಯ ಮೇಲಿತ್ತು. ಸುಡು ಮಧ್ಯಾಹ್ನ, ಸ್ಟೀರಿಂಗ್ ಮುಟ್ಟಲಾಗುತ್ತಿರಲಿಲ್ಲ. ಜಹೀರಾಬಾದ್ ದಾಟಿದ ಮೇಲೆ, ಹಿಂದಿನ ಸೀಟಿನಲ್ಲಿ ಮಲಗಿದ್ದ ಮಗ ಕಣ್ಣು ತೆರೆಯದೆಯೇ ಅಂದ, "ಅಪ್ಪಾ, ಥಂಡಿ." ಆ ದನಿ ಬೆಳೆದ ಗಂಡಸಿನದಾಗಿರಲಿಲ್ಲ, ಸಣ್ಣ ಹುಡುಗನದು.

ಕುರಿಗಾರನಿಗೆ ಆಶ್ಚರ್ಯವೇ ಆಗಲಿಲ್ಲ. "ಬಂದ್ಯಾ?" ಎಂದು ಮೆಲ್ಲಗೆ ಕೇಳಿ, ಹಿಂದಕ್ಕೆ ಬಾಗಿ ಕಂಬಳಿ ಹೊದಿಸಿದ.

ನಾನು ಕನ್ನಡಿಯಲ್ಲಿ ನೋಡಿದೆ. ಆ ಪುಟ್ಟ ಕಂಬಳಿ ಮಗನ ಗದ್ದದಿಂದ ಪಾದದವರೆಗೂ ಸರಿಯಾಗಿ ಮುಚ್ಚಿತ್ತು.