ಜಗಲಿಯ ಪ್ರಶ್ನೆ

ಚುನಾವಣೆ ಬಂತೆಂದರೆ ನನ್ನ ಪಂಪ್‌ಸೆಟ್ ರಿಪೇರಿ ಅಂಗಡಿ ಅರ್ಧ ದಿನ ಮಾತ್ರ ತೆರೆದಿರುತ್ತದೆ. ಉಳಿದರ್ಧ ದಿನ ನಾನು ಪಕ್ಷದವನು. ಯಾವ ಪಕ್ಷವೆಂದು ಬರೆಯುವುದಿಲ್ಲ. ಬರೆದರೆ ಕೆಲವರು ಇಲ್ಲಿಗೇ ಓದು ನಿಲ್ಲಿಸುತ್ತಾರೆ, ಉಳಿದವರು ಓದದೆಯೇ ಒಪ್ಪಿಬಿಡುತ್ತಾರೆ. ಎರಡೂ ನನಗೆ ಸಾಕಾಗಿದೆ.

ವೇಣೂರಿನ ಆಸುಪಾಸಿನ ನಮ್ಮ ಹುಡುಗರಿಗೆ ಮನೆ ಮನೆ ಪ್ರಚಾರ ಕಲಿಸುವುದು ನನ್ನ ಪಾಲಿನ ಕೆಲಸ. ಅದಕ್ಕೆ ನನ್ನದೇ ಒಂದು ಕ್ರಮವಿದೆ. ಭಾನುವಾರ ಬೆಳಗ್ಗೆ ಅವರನ್ನು ನಮ್ಮ ಜಗಲಿಯಲ್ಲಿ ಕೂರಿಸಿ, ನಾನು ಎದುರು ಪಕ್ಷದ ಮತದಾರನಾಗುತ್ತೇನೆ. ಕೊಂಕು ತೆಗೆಯುತ್ತೇನೆ, ಬೈಯುತ್ತೇನೆ, ಬಾಗಿಲು ಹಾಕಿಕೊಳ್ಳುತ್ತೇನೆ. ಅವರು ಉತ್ತರ ಕೊಡಬೇಕು. ನಿಜ ಹೇಳಬೇಕೆಂದರೆ ಈ ವೇಷ ನನಗೆ ಬಹಳ ಇಷ್ಟ. ನನ್ನ ಪಕ್ಷದ ಪರವಾಗಿ ನಾನು ಅಷ್ಟು ಚೆನ್ನಾಗಿ ಎಂದೂ ಮಾತಾಡಿದವನಲ್ಲ.

ನಾನು ತಪ್ಪದೆ ಕೇಳುವ ಪ್ರಶ್ನೆಯೊಂದಿತ್ತು. ನಮ್ಮ ಊರಿನ ಹಳ್ಳವನ್ನು, ನಮ್ಮ ಮಾತಿನಲ್ಲಿ ತೋಡನ್ನು, ಮಳೆಗಾಲದಲ್ಲಿ ಈಗಲೂ ಅಡ್ಡ ಹಾಕಿದ ಅಡಿಕೆ ಮರದ ಮೇಲೆ ದಾಟಬೇಕು. ನಡೆದು ದಾಟುವಷ್ಟು ಸಣ್ಣ ಸೇತುವೆ, ಒಂದು ಕಾಲುಸಂಕ ಮಾಡಿಸಿ ಕೊಡಿ ಎಂದು ಜನ ಕೇಳುತ್ತಲೇ ಇದ್ದಾರೆ. ಹಾಗಾಗಿ ಜಗಲಿಯಲ್ಲಿ ನಾನು ಕಣ್ಣು ಕೆಂಪು ಮಾಡಿ ಕೇಳುತ್ತಿದ್ದೆ: "ಸಂಕ ಕೇಳಿದರೆ ಮೊದಲು ನಮ್ಮವರು ಗೆಲ್ಲಲಿ ಅಂದಿರಿ. ನಿಮ್ಮವರು ಗೆದ್ದಾಯ್ತು. ಸಂಕ ಎಲ್ಲಿ?" ಹುಡುಗರು ತಲೆ ಕೆರೆದುಕೊಳ್ಳುತ್ತಿದ್ದರು. ಅದಕ್ಕೂ ದಾರಿ ಹೇಳಿಕೊಟ್ಟಿದ್ದೆ. ಉತ್ತರ ಹೊಳೆಯದಿದ್ದರೆ ವಾದಕ್ಕೆ ನಿಲ್ಲಬಾರದು, ನಗುತ್ತ ಕೈಮುಗಿದು ಮುಂದಿನ ಮನೆಗೆ ಹೋಗಬೇಕು.

ಈ ಸಲದ ಪ್ರಚಾರದ ನಡುವೆ ಮೂಡುಬಿದಿರೆಯ ಕಾಲೇಜೊಂದರಲ್ಲಿ ಓದುವ ನನ್ನ ಮಗಳು ಚರ್ಚಾಸ್ಪರ್ಧೆಗೆ ನಿಂತಳು. ಜನ ಅಭಿವೃದ್ಧಿ ನೋಡಿ ಮತ ಹಾಕುತ್ತಾರೆಯೇ ಎಂಬುದು ವಿಷಯ. ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಅವಳಿಗೆ ವಿರೋಧ ಬಂತು, ಪ್ರಥಮ ಬಹುಮಾನವೂ ಬಂತು.

ಬಹುಮಾನದ ಸುದ್ದಿಗಿಂತ ಮೊದಲು ನನಗೆ ತಲುಪಿದ್ದು ವಿಡಿಯೋ. ಯಾರೋ ಪುಣ್ಯಾತ್ಮ ಅವಳ ಭಾಷಣದ ಒಂದು ತುಂಡನ್ನು ಮಾತ್ರ ಕತ್ತರಿಸಿ ನಮ್ಮ ಪಕ್ಷದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದ. ಅಂಗಡಿಯಲ್ಲಿ ಮೋಟಾರು ಬಿಚ್ಚಿಟ್ಟು, ಎಣ್ಣೆ ಕೈಯಲ್ಲೇ ನೋಡಿದೆ. "ನಮ್ಮವರು ಗೆಲ್ಲಲಿ ಎಂದರು. ನಮ್ಮವರು ಗೆದ್ದರು. ಸೇತುವೆ ಎಲ್ಲಿದೆ?" ಜಗಲಿಯಲ್ಲಿ ನಾನು ತುಳುವಿನಲ್ಲಿ ಕೂಗಿದ್ದನ್ನು ಅವಳು ಪುಸ್ತಕದ ಕನ್ನಡದಲ್ಲಿ, ದನಿ ಏರಿಸದೆ ಹೇಳಿದ್ದಳು. ಅದಕ್ಕೇ ಬೇರೆ ಯಾರಿಗೂ ಗುರುತು ಹತ್ತಲಿಲ್ಲ. ನನಗೆ ಹತ್ತಿತು. ಮೊದಲು ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಕೆಳಗಿನ ಮಾತುಗಳನ್ನು ಓದಿದೆ.

ಓದಬಾರದಿತ್ತು. ನಮ್ಮ ಮನೆಯಲ್ಲಿ ಕಾಫಿ ಕುಡಿದವರೇ ಅವಳನ್ನು ಏನೇನೋ ಕರೆದಿದ್ದರು. ಅವಳು ಯಾವ ಬಸ್ಸಿಗೆ ಬರುತ್ತಾಳೆಂದು ಗೊತ್ತುಂಟು ಎಂದು ಒಬ್ಬ ಬರೆದಿದ್ದ. ಅದಕ್ಕೆ ಹಲವರು ಹೆಬ್ಬೆರಳಿನ ಲೈಕ್ ಒತ್ತಿದ್ದರು. ಅದೊಂದು ಸ್ಪರ್ಧೆ, ಚೀಟಿಯಲ್ಲಿ ಬಂದ ವಾದ ಎಂದು ನಾನು ಬರೆದೆ.

ನಮ್ಮ ಊರಿನ ಮುಖಂಡರು ಫೋನ್ ಮಾಡಿದರು.

"ಎಂತ ಮಾರಾಯ್ರೆ ಇದು? ನಿಮ್ಮ ಮನೆಯಿಂದಲೇ ಹೀಗಾದ್ರೆ?"

"ಚೀಟಿ ಎತ್ತಿದ್ದು ಸರ್. ಪರ ಬಂದಿದ್ರೆ ಪರ ಮಾತಾಡ್ತಿದ್ಲು."

"ಚೀಟಿ ಸರಿ. ಆದ್ರೆ ಅಷ್ಟು ಚಂದ ಮಾಡಿ ಯಾಕೆ ಮಾತಾಡ್ಬೇಕಿತ್ತು? ಸ್ವಲ್ಪ ತಡವರಿಸಿದ್ರೆ ಆಗ್ತಿರಲಿಲ್ವಾ?"

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವರು ದನಿ ತಗ್ಗಿಸಿದರು. "ನೋಡಿ, ಹುಡುಗರು ಬಿಸಿ ಇದ್ದಾರೆ. ತಪ್ಪಾಯ್ತು ಅಂತ ಅವಳ ಒಂದು ವಿಡಿಯೋ ಹಾಕ್ಸಿ. ಅಲ್ಲಿಗೆ ಮುಗೀತು. ಇಲ್ಲದಿದ್ರೆ ಆಮೇಲೆ ನನ್ನ ಕೈಯಲ್ಲಿ ಇಲ್ಲ."

ಅಂಗಡಿಯ ಬಾಗಿಲೆಳೆದು ವೇಣೂರಿನ ಬಸ್ ಸ್ಟಾಪಿನಲ್ಲಿ ಹೋಗಿ ನಿಂತೆ. ನಾನೇ ತಯಾರು ಮಾಡಿದ ಇಬ್ಬರು ಹುಡುಗರು ಎದುರಿನ ಅಂಗಡಿಯ ಮುಂದೆ ಬೈಕಿನ ಮೇಲೆ ಕೂತಿದ್ದರು. ಸುಮ್ಮನೆ ಕೂತಿದ್ದಿರಲೂಬಹುದು. ಎಂದಿನಂತೆ "ಅಣ್ಣಾ" ಎನ್ನಲಿಲ್ಲ. ನನಗೆ ಹೆದರಿಕೆಯಾಯಿತು. ಇಷ್ಟು ವರ್ಷ ಇವರ ಜೊತೆ ತಿರುಗಿ, ಇವರಿಗೇ ಹೆದರುವ ದಿನ ಬಂತಲ್ಲ ಎಂದು ಸಿಟ್ಟೂ ಬಂತು. ಮಗಳು ಬಸ್ಸಿನಿಂದಿಳಿದು ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ಗೊತ್ತಾಗಿತ್ತು. ನನ್ನ ಸ್ಕೂಟರಿನ ಹಿಂದೆ ಕೂತು, ಬಹುಮಾನದ ಫಲಕವನ್ನು ಬ್ಯಾಗಿನೊಳಗೆ ತುರುಕಿಕೊಂಡಳು.

ಮನೆ ಸೇರಿದ ಮೇಲೆ ಜಗಲಿಯಲ್ಲಿ ನಿಂತೇ ಹೇಳಿದೆ, ಒಂದು ಸಣ್ಣ ವಿಡಿಯೋ ಮಾಡಿಬಿಡುವ, ಜಗಳ ಬೇಡ ಎಂದು. ಅವಳು ಅಳುತ್ತಾಳೆ, ಇಲ್ಲವೇ ನನಗೆ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ತನ್ನ ಫೋನನ್ನು ನನ್ನ ಕೈಗೆ ಕೊಟ್ಟು ಎದುರಿಗೆ ನಿಂತಳು.

"ಮಾಡ್ತೇನೆ ಅಪ್ಪ. ನನ್ನಿಂದಾಗಿ ನಿಮಗೆ ಕಷ್ಟ ಬೇಡ. ಎಂತ ಹೇಳ್ಬೇಕು ಅಂತ ನೀವೇ ಹೇಳಿಕೊಡಿ."

"ತಪ್ಪಾಯ್ತು ಅಂತ ಹೇಳು, ಸಾಕು."

"ಸಂಕ ಎಲ್ಲಿ ಅಂತ ಕೇಳಿದ್ದು ತಪ್ಪು ಅಂತಾದ್ರೆ ಸರಿಯಾದ ಉತ್ತರ ಎಂತದು? ಅದನ್ನೂ ಸೇರಿಸಿ ಹೇಳ್ತೇನೆ. ಭಾನುವಾರ ನೀವು ಇಲ್ಲಿ ಕೇಳುವಾಗ ನಾನು ಒಳಗೆ ಕೂತು ಕೇಳ್ತಾ ಇದ್ದೆ. ಅವರು ಯಾರೂ ಉತ್ತರ ಕೊಡಲಿಲ್ಲ. ನಿಮಗಾದ್ರೂ ಗೊತ್ತಿರ್ಬೇಕಲ್ಲ?"

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಉತ್ತರಕ್ಕಾಗಿ ಕಾಯುತ್ತಿದ್ದಳು. ಜೇಬಿನಲ್ಲಿ ನನ್ನ ಫೋನ್ ರಿಂಗಾಗುತ್ತಿತ್ತು, ಮುಖಂಡರದೇ ಇರಬೇಕು. ಹುಡುಗರಿಗೆ ಕಲಿಸಿದ ಅಭ್ಯಾಸಬಲದಿಂದ ಮುಖದ ಮೇಲೊಂದು ನಗು ಬಂತು, ಕೈಗಳು ತಾವಾಗಿಯೇ ಮುಗಿಯಲು ಹೊರಟವು. ಆದರೆ ಮುಂದಿನ ಮನೆಗೆ ಹೋಗೋಣವೆಂದರೆ ಇದು ನನ್ನದೇ ಮನೆಯಾಗಿತ್ತು.