ವತ್ಸಲಾ ಮನೆಯ ಚಳಿ, ಪಂಚಪ್ಪನವರ ರಜೆ

ಬಿನ್ ಮಹಮೂದ್‌ನ ಗಲ್ಲಿಯಲ್ಲಿ ಬೆಳಗಿನ ಬಾಂಗು ಮುಗಿದಿದೆ, ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಹೆಗಲ ಮೇಲೆ ಏಣಿ, ಕೈಯಲ್ಲಿ ಸಾಮಾನಿನ ಚೀಲ, ಬೆನ್ನಿಗಂಟಿದ ಒದ್ದೆ ಅಂಗಿ. ಏಸಿ ಮೆಕ್ಯಾನಿಕ್ ಪಂಚಪ್ಪ ಮೂರನೇ ಮಹಡಿಯ ಬಾಗಿಲು ತಟ್ಟುತ್ತಾರೆ. ಬಾಗಿಲು ತೆಗೆದ ಮೈಸೂರಿನ ವತ್ಸಲಾ ಸ್ವೆಟರ್ ತೊಟ್ಟು, ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡಿದ್ದಾರೆ. ಅವರ ಯಜಮಾನರು ವೆಂಕಟರಾಮು ಸೋಫಾದ ಮೇಲೆ ಕಂಬಳಿ ಹೊದ್ದು ಕಾಫಿ ಕುಡಿಯುತ್ತಿದ್ದಾರೆ. ಕತಾರಿನಲ್ಲಿ ಕೂತು ನಡುಗುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

"ಇನ್ನೂ ಹಂಗ ಐತೇನ್ರಿ ಅಕ್ಕಾರ?"

"ಹಾಗೇ ಇದೆ ಪಂಚಪ್ಪ. ನೀವಿರೋವಾಗ ಒಳ್ಳೇ ಮಗು ಥರ ಇರುತ್ತೆ. ನೀವು ಲಿಫ್ಟ್ ಹತ್ತಿದ್ರೆ ಸಾಕು, ಶುರು."

ಪಂಚಪ್ಪನವರು ರೋಣ ತಾಲ್ಲೂಕಿನವರು. ಹುಬ್ಬಳ್ಳಿಯಲ್ಲಿ ಮೋಟಾರು ವೈಂಡಿಂಗ್ ಕಲಿತು, ಸ್ಟೇಡಿಯಂಗಳು ಏಳುತ್ತಿದ್ದ ಕಾಲಕ್ಕೆ ಇಲ್ಲಿಗೆ ಬಂದವರು. ಈಗ ಬಾಡಿಗೆ ಮನೆಗಳ ರಿಪೇರಿ ನೋಡುವ ಕಂಪನಿಯೊಂದರಲ್ಲಿದ್ದಾರೆ. ಸುಡುವ ತಾರಸಿಯ ಮೇಲೆ ಕೂತು ಬೇರೆಯವರ ಮನೆ ತಂಪು ಮಾಡುವುದೇ ಕೆಲಸ. ದಿನಕ್ಕೆ ಹತ್ತು ಹದಿನೈದು ಮನೆ. ನೀರು ಸೋರಿದರೂ ಅವರೇ, ಗಂಡ ಹೆಂಡಿರ ನಡುವೆ ಇಪ್ಪತ್ತೆರಡೋ ಇಪ್ಪತ್ತಾರೋ ಎಂದು ಜಗಳವಾದರೂ ಅವರೇ. "ನಮ್ಮ ರೂಮಿನ್ಯಾಗ ಎಂಟ ಮಂದಿ, ರಿಮೋಟ ಒಂದ. ಮೊದಲ ಯಾರು ಬರ್ತಾರ, ಅವರ ದಿಂಬಿನ ಬುಡಕ ಅದು" ಎಂದು ನಗುತ್ತಾರೆ.

ಫುಟ್‌ಬಾಲ್ ವಿಶ್ವಕಪ್ಪಿನ ವರ್ಷ ಇದು. ಊರೆಲ್ಲ ಬಾವುಟ, ಕಂಪನಿಯಲ್ಲಿ ಎಲ್ಲರ ರಜೆಯೂ ಬಂದ್. ಪಂಚಪ್ಪನವರಿಗೆ ಮಾತ್ರ ರಜೆ ಬೇಕೇ ಬೇಕು. ಒಂಬತ್ತನೇ ತರಗತಿಯ ಮಗಳು ಶಿಲ್ಪಶ್ರೀ ಶಾಲೆಯ ಖೋ ಖೋ ತಂಡದಲ್ಲಿದ್ದಾಳೆ, ತಂಡ ಜಿಲ್ಲಾ ಮಟ್ಟಕ್ಕೆ ಬಂದಿದೆ. ಅಪ್ಪ ಬರಲೇಬೇಕೆಂದು ಅವಳ ಹಟ. ಸೂಪರ್‌ವೈಸರ್ ಮಾರಿಸ್ ಮಂಗಳೂರಿನವರು. ವಿಷಯ ಕೇಳಿ ಅವರು ತಲೆ ಚಚ್ಚಿಕೊಂಡರಂತೆ. "ಇಡೀ ಲೋಕ ಆಟ ನೋಡ್ಲಿಕ್ಕೆ ಇಲ್ಲಿಗೆ ಬರ್ತಾ ಉಂಟು. ನೀನು ಆಟ ನೋಡ್ಲಿಕ್ಕೆ ಊರಿಗೆ ಹೋಗುದಾ ಮಾರಾಯ?" ಕೊನೆಗೆ ಕರಗಿ ಒಂದು ಷರತ್ತು ಹಾಕಿದರು. ಪಂಚಪ್ಪನವರ ಪಾಲಿನ ಕಂಪ್ಲೇಂಟುಗಳೆಲ್ಲ ಮುಗಿದಿರಬೇಕು, ಒಂದು ಉಳಿದರೂ ರಜೆ ಖಲಾಸ್.

ಉಳಿದಿರುವುದು ಈ ಮನೆಯದೊಂದೇ.

ಮೊದಲಿದ್ದ ಅಲ್ ಸದ್ದ್‌ನಲ್ಲಿ ಬಾಡಿಗೆ ಏರಿದ್ದರಿಂದ ವೆಂಕಟರಾಮು ದಂಪತಿ ದೀಪಾವಳಿಯ ಹಿಂದಿನ ವಾರವಷ್ಟೇ ಈ ಮನೆಗೆ ಬಂದವರು. ಹಬ್ಬ ಮುಗಿದಾಗಿನಿಂದ ಹಗಲೂ ರಾತ್ರಿ ಏಸಿ ನಿಲ್ಲದೆ ಓಡುತ್ತದೆ. ಹಾಲಿನ ಗೋಡೆಯ ಮೇಲೆ ಥರ್ಮೋಸ್ಟ್ಯಾಟ್ ಎಂಬ ಬಿಳಿ ಪೆಟ್ಟಿಗೆಯಿದೆ. ಮನೆಯ ಬಿಸಿ ನೋಡಿ ಏಸಿಗೆ ಓಡು, ನಿಲ್ಲು ಎನ್ನುವುದು ಅದರ ಕೆಲಸ. ಪಂಚಪ್ಪನವರು ಅದನ್ನು ಎರಡು ಸಲ ಬದಲಾಯಿಸಿದ್ದಾರೆ, ತಂತಿ ಬದಲಾಯಿಸಿದ್ದಾರೆ, ತಾರಸಿ ಹತ್ತಿ ಮೆಷೀನಿಗೆ ಬೈದೂ ಆಗಿದೆ. ಅವರ ಎದುರಿಗೆ ಎಲ್ಲವೂ ಸರಿ. ಅವರು ಬೆನ್ನು ತಿರುಗಿಸಿದರೆ ಮತ್ತೆ ಚಳಿ.

ಇವತ್ತು ಅವರು ಫೋನು ಮಾಡದೆ ಬಂದಿದ್ದಾರೆ. ಮುಶೈರಿಬ್‌ನ ಡ್ಯೂಟಿಗೆ ಹೋಗುವ ದಾರಿಯಲ್ಲಿ ಕೊನೆಯ ಸಲ ನೋಡಿಬಿಡೋಣವೆಂದು. ವತ್ಸಲಾ ಅವರ ಪೂಜೆ ಆಗತಾನೆ ಮುಗಿದಿದೆ. "ಬಂದಿದ್ದೀರಲ್ಲ, ನಮಸ್ಕಾರ ಮಾಡ್ಕೊಳ್ಳಿ" ಎನ್ನುತ್ತಾರೆ. ಪಂಚಪ್ಪನವರು ಚಪ್ಪಲಿ ಬಿಟ್ಟು ದೇವರ ಹಲಗೆಯ ಮುಂದೆ ಕೈಮುಗಿದು ಬಾಗುತ್ತಾರೆ. ಹಣೆಗೆ ಬಿಸಿ ತಾಗುತ್ತದೆ. ತಲೆಯೆತ್ತಿದರೆ ಜೋಡಿ ದೀಪ, ದೀಪದ ನೆತ್ತಿಯ ಮೇಲೆ ಅದೇ ಬಿಳಿ ಪೆಟ್ಟಿಗೆ.

"ಅಕ್ಕಾರ, ಈ ದೀಪ ಯಾವಾಗ ಹಚ್ಚಿದ್ರಿ?"

"ಕಾರ್ತಿಕ ಅಲ್ವಾ, ನಂದಾದೀಪ. ತಿಂಗಳಿಡೀ ಆರಿಸಲ್ಲ."

"ನಾ ಬಂದಾಗ ಒಮ್ಮಿನೂ ನೋಡಿಲ್ಲಲ್ರಿ?"

"ನೀವು ಏಣಿ ಹತ್ತಿ ಗೋಡೆ ಕೆರೆದ್ರೆ ದೇವರ ಮೇಲೆ ಧೂಳು ಬೀಳಲ್ವಾ? ನೀವು ಫೋನ್ ಮಾಡಿದ ತಕ್ಷಣ ದೇವರು, ದೀಪ ಎಲ್ಲಾ ಅಡುಗೆಮನೆಗೆ ಎತ್ತಿಡ್ತಿದ್ದೆ."

ದೀಪದ ಕಾವಿಗೆ, ಮನೆಯೊಳಗೆ ನಲವತ್ತರ ಸೆಕೆಯೆಂದು ಪೆಟ್ಟಿಗೆ ನಂಬಿದೆ. ಪಾಪ, ಅದು ನಿಷ್ಠೆಯಿಂದ ದುಡಿಯುತ್ತಿದೆ.

"ಈ ಜಾಗ ತೋರಿಸಿದ್ದು ನೀವೇ ಅಲ್ವಾ?" ಎಂದು ವೆಂಕಟರಾಮು ಕಂಬಳಿಯೊಳಗಿಂದ ಕೇಳುತ್ತಾರೆ. ಅದೂ ನಿಜವೇ. ಗೋಡೆಗೆ ಹೊಸ ತೂತು ಕೊರೆಯಬಾರದೆಂದು ಮಾಲೀಕರ ಕಟ್ಟಪ್ಪಣೆ. ಪೂರ್ವದ ಗೋಡೆಯಲ್ಲಿ ಹಳೆಯ ಬಾಡಿಗೆದಾರರು ಬಿಟ್ಟುಹೋದ ಮೊಳೆ ಅಲ್ಲೊಂದು ಕಡೆ ಮಾತ್ರ ಇತ್ತು. ಶುಕ್ರವಾರದ ರಜೆಯಲ್ಲಿ ಬಂದು ಹಲಗೆ ಕೂರಿಸಿಕೊಟ್ಟವರು ಪಂಚಪ್ಪನವರೇ. "ಹಲಗಿ ಬಡದಾಂವ ನಾನ, ಬ್ಯಾನಿ ಹುಡುಕಾಂವನೂ ನಾನ" ಎಂದು ಅವರು ನೆಲದ ಮೇಲೆ ಕೂತೇಬಿಡುತ್ತಾರೆ.

ಇನ್ನು ದೇವರು ಹೋಗುವುದೆಲ್ಲಿಗೆ? ಪೂರ್ವದ ಗೋಡೆಗೆ ಆತು ನಿಂತಿರುವುದು ಇನ್ನೊಂದೇ, ವಿಶ್ವಕಪ್ಪಿಗೆಂದೇ ತಂದ ದೊಡ್ಡ ಟಿವಿಯ ಸ್ಟ್ಯಾಂಡು. ವತ್ಸಲಾ ಅದರತ್ತ ನೋಡುತ್ತಾರೆ, ವೆಂಕಟರಾಮು ಕಾಫಿ ಲೋಟ ಕೆಳಗಿಡುತ್ತಾರೆ.

"ಟಿವಿನ ಈ ಹಲಗೆ ಹತ್ರ ಇಟ್ಟರೆ?"

"ಅದೂ ಬಿಸಿ ಆಗ್ತದ್ರಿ ಸರ. ಮ್ಯಾಚ್ ಮುಗಿಯೂತನಕ ಮತ್ತ ನಡಗ್ತೀರಿ."

ಟಿವಿ ಮಲಗುವ ಕೋಣೆಗೆ ಹೋಗುತ್ತದೆ. ಅಲ್ಲಿ ಕುರ್ಚಿ ಹಿಡಿಯುವುದಿಲ್ಲ. ಇಡೀ ವಿಶ್ವಕಪ್ಪನ್ನು ನೆಲದ ಮೇಲೆ ಕಾಲು ಚಾಚಿ ನೋಡಬೇಕು. ವೆಂಕಟರಾಮು ಹೊದ್ದ ಕಂಬಳಿಯನ್ನೇ ಅಲ್ಲಿ ಹಾಸುತ್ತಾರೆ. ದೀಪ ಸ್ಟ್ಯಾಂಡಿಗೆ ಬಂದ ಸ್ವಲ್ಪ ಹೊತ್ತಿಗೆ ಏಸಿ ತಾನಾಗಿಯೇ ನಿಲ್ಲುತ್ತದೆ. ಮನೆ ನಿಶ್ಶಬ್ದವಾಗುತ್ತದೆ. ವತ್ಸಲಾ ಮಫ್ಲರ್ ಬಿಚ್ಚಿ, ತಾವೇ ಮಾರಿಸ್‌ಗೆ ಫೋನು ಮಾಡಿ, ಕಂಪ್ಲೇಂಟ್ ಮುಗಿಯಿತು, ಇವರನ್ನು ಊರಿಗೆ ಕಳಿಸಿ ಎನ್ನುತ್ತಾರೆ. ಪಂಚಪ್ಪನವರ ಕಣ್ಣು ತುಂಬುತ್ತದೆ. ಅದನ್ನು ಮರೆಮಾಚಲು ಅವರು ಏಣಿ ಮಡಚುತ್ತಾರೆ.

ಲಿಫ್ಟಿಗೆ ಕಾಯುತ್ತ, ಬಾಗಿಲಲ್ಲಿ ನಿಂತ ವತ್ಸಲಾ ಅವರಿಗೆ ಹೇಳುತ್ತಾರೆ: "ಗೆಲ್ಲಲಿ, ಸೋಲಲಿ, ಅದಲ್ರಿ. ಆಕೀ ಆಟ ನಾ ಇಲ್ಲೀತನಕ ಫೋನಿನ್ಯಾಗ ಅಷ್ಟ ನೋಡೇನಿ. ಹುಡುಗಿ ಓಡಾಕ ಶುರು ಮಾಡ್ತಾಳ, ಅಷ್ಟರಾಗ ಚಿತ್ರ ನಿಂತಬಿಡ್ತದ. ಒಂದ ಕಾಲ ಮ್ಯಾಲ ಎತ್ತಿದಾಕಿ ಹಂಗ ನಿಂತಿರ್ತಾಳ. ಆ ಕಾಲ ನೆಲಕ್ಕ ಬೀಳೂದ ನಾ ನೋಡಬೇಕ್ರಿ."