ಕೀಲಿಯೊಳಗಿನ ಜೋಕಾಲಿ

ಅನಗೋಳದ ನಮ್ಮ ಓಣಿಯ ಕೊನೆಗಿರುವ ಉದ್ಯಾನದಲ್ಲಿ ಒಂದು ಹಳೆಯ ಜೋಕಾಲಿಯಿತ್ತು. ಕಬ್ಬಿಣದ ಕಾಲುಗಳು, ತುಕ್ಕು ಹಿಡಿದ ಸಂಕೋಲೆ, ನಡುವೆ ಸವೆದು ತಗ್ಗಾದ ಸಾಗವಾನಿಯ ಹಲಗೆ. ಬೆಳಗಿನ ಜಾವ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಕುಳಿತಾಗ, ನಸುಕಿನ ಗಾಳಿಗೆ ಆ ಸಂಕೋಲೆ ಒಮ್ಮೆ ಕಿರ್ರೆನ್ನುತ್ತಿತ್ತು; ಬಹಳ ಹೊತ್ತಿನ ಮೇಲೆ ಮತ್ತೊಮ್ಮೆ. ಮನೆಯಲ್ಲಿ ಬೇರೆ ಸದ್ದಿಲ್ಲವಾಗಿ ಅದು ನನ್ನ ಪೂಜೆಯ ಒಂದು ಅಂಗವೇ ಆಗಿಹೋಗಿತ್ತು.

ನಾನು ಗೃಹಸ್ಥನಾಗಲಿಲ್ಲ. ಮಠದ ಪಾಠಶಾಲೆಯಲ್ಲಿ ಓದಿ, ಅಲ್ಲಿಯೇ ಸಂಸ್ಕೃತವನ್ನೂ ಹಳಗನ್ನಡವನ್ನೂ ಕಲಿಸಿ, ವಯಸ್ಸಾದ ಮೇಲೆ ಈ ಓಣಿಯಲ್ಲಿ ಎರಡು ಕೋಣೆಯ ಮನೆಯೊಂದನ್ನು ಹಿಡಿದು ನೆಲೆಸಿದವನು. ಒಡಹುಟ್ಟಿದವರೆಂದು ಈಗ ಉಳಿದವಳು ತಂಗಿಯೊಬ್ಬಳೇ. ಅವಳನ್ನು ಜಾಂಬೋಟಿಯ ಕಡೆಯ ಮರಾಠಿ ಮಾತಿನ ಮನೆಗೆ ಕೊಟ್ಟಿತ್ತು. ಗಂಡ ಲಿಂಗೈಕ್ಯನಾದ ಮೇಲೆ ಮಗ ಸೊಸೆಯರೊಂದಿಗೆ ಖಾನಾಪುರದಲ್ಲಿದ್ದಾಳೆ. ವರ್ಷಕ್ಕೊಮ್ಮೆ, ನಾಗರಪಂಚಮಿಗೆ, ನಾನು ಹೋಗಿ ಕರೆತರುತ್ತೇನೆ. ತಂದೆತಾಯಿಗಳಿಲ್ಲದ ಮೇಲೂ ಅವಳು ಈ ಎರಡು ಕೋಣೆಗಳನ್ನೇ ತವರು ಎನ್ನುತ್ತಾಳೆ. ಆ ಮಾತನ್ನು ಕೇಳಿದಾಗಲೆಲ್ಲ ನನ್ನ ಗೋಡೆಗಳಿಗೆ ಯಾರೋ ಹೊಸದಾಗಿ ಸುಣ್ಣ ಬಳಿದಂತಾಗುತ್ತದೆ.

ನಮ್ಮ ಸೀಮೆಯಲ್ಲಿ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅರಳು, ಹೊಸ ಸೀರೆ, ಮತ್ತು ಜೋಕಾಲಿ. ತವರಿಗೆ ಬಂದವಳು ಎಷ್ಟೇ ವಯಸ್ಸಾದವಳಿರಲಿ, ಒಮ್ಮೆ ಹಲಗೆಯ ಮೇಲೆ ಕುಳಿತು ಜೀಕದೆ ಮರಳುವುದಿಲ್ಲ. ಹಿಂದೆ ಓಣಿಯ ಬೇವಿನ ಮರಕ್ಕೆ ಹಗ್ಗ ಕಟ್ಟುತ್ತಿದ್ದರು. ರಸ್ತೆ ಅಗಲವಾಗುವಾಗ ಮರ ಹೋಯಿತು. ಅಂದಿನಿಂದ ಹೆಂಗಸರೆಲ್ಲ ಉದ್ಯಾನದ ಮಕ್ಕಳ ಜೋಕಾಲಿಯನ್ನೇ ಪಂಚಮಿಯ ಜೋಕಾಲಿಯನ್ನಾಗಿ ಮಾಡಿಕೊಂಡರು. ತಂಗಿ ಕೂರುವಳು, ನಾನು ಹಿಂದೆ ನಿಂತು ತೂಗುವೆನು. ಬಾಲ್ಯದಿಂದಲೂ ಅದು ಹಾಗೆಯೇ. ನಾನು ಎಂದೂ ಜೋಕಾಲಿಯ ಮೇಲೆ ಕುಳಿತವನಲ್ಲ. ಹುಡುಗನಾಗಿದ್ದಾಗ ತೂಗುವ ಕೆಲಸ ನನ್ನದಾಗಿತ್ತು. ಆಮೇಲೆ ಮಠದ ಶಿಸ್ತು ಬಂದಿತು.

ಅವಳ ಬರವನ್ನು ನಾನು ಕಾಯುವುದಕ್ಕೆ ಇನ್ನೊಂದು ಕಾರಣವಿದೆ. ಅದನ್ನು ಯಾರಿಗೂ ಹೇಳಿದವನಲ್ಲ. ಪಂಚಮಿಯ ದಿನ ಮಣ್ಣಿನ ನಾಗಪ್ಪನಿಗೆ ಕೊಬ್ಬರಿ ಬಟ್ಟಲಿನಿಂದ ಬೆಲ್ಲದ ಹಾಲೆರೆಯುವಾಗ ಒಬ್ಬೊಬ್ಬರ ಹೆಸರಿನಲ್ಲಿ ಪಾಲು ಹೇಳಬೇಕು: ದೇವರ ಪಾಲು, ಗುರುವಿನ ಪಾಲು, ಅವ್ವನ ಪಾಲು, ಅಪ್ಪನ ಪಾಲು. ತನ್ನ ಪಾಲನ್ನು ತಾನೇ ಹೇಳಿಕೊಳ್ಳುವ ರೂಢಿ ನಮ್ಮ ಮನೆತನದಲ್ಲಿಲ್ಲ. ಅದನ್ನು ಮತ್ತೊಬ್ಬರು ಹೇಳಬೇಕು. ‘ಅಣ್ಣನ ಪಾಲು’ ಎನ್ನುವ ದನಿ ಈಗ ಲೋಕದಲ್ಲಿ ಒಂದೇ ಉಳಿದಿದೆ.

ಹೋದ ವರ್ಷ ಹಬ್ಬ ಮುಗಿಸಿ ಬಸ್ಸು ಹತ್ತುವಾಗ ಅವಳು ಮೊಣಕಾಲನ್ನು ಒತ್ತಿಕೊಳ್ಳುತ್ತ ಹೇಳಿದ್ದಳು:

“ಬರೂ ವರ್ಷ ಈ ಕಾಲು ಬ್ಯಾಡಂತಾವೋ ಅಣ್ಣಾ. ಆದ್ರ ಜೋಕಾಲಿ ಐತಿ ಅಂದ್ರ ಹೆಂಗರ ಮಾಡಿ ಬರ್ತೀನಿ. ಸುಮ್ನ ಹೋಗ್ತೀನಿ ಅಂದ್ರ ಮನ್ಯಾಗ ಬಿಡೂದಿಲ್ಲ. ಜೋಕಾಲಿ ಅಂದ್ರ ನಕ್ಕು ಕಳಸ್ತಾರ.”

ಇದಾದ ಮರುಬೇಸಗೆಯಲ್ಲಿ ಪಾಲಿಕೆಯವರು ಉದ್ಯಾನದ ಆಟದ ಬಯಲನ್ನು ನವೀಕರಿಸುವರೆಂಬ ಸುದ್ದಿ ಬಂದಿತು. ಬೇಡವೆನ್ನುವಂತಿರಲಿಲ್ಲ. ಜಾರುಬಂಡಿಯ ತಗಡು ಕಿತ್ತು ಅಂಚು ಕತ್ತಿಯಾಗಿತ್ತು. ಒಂದು ಮಗುವಿನ ಕೈ ಸೀಳಿತ್ತು. ಒಂದು ಸಂಜೆ ತರುಣ ಎಂಜಿನಿಯರರೊಬ್ಬರು ಓಣಿಯವರನ್ನೆಲ್ಲ ಉದ್ಯಾನದಲ್ಲಿ ಸೇರಿಸಿ, ಬಣ್ಣಬಣ್ಣದ ಚಿತ್ರಗಳನ್ನು ತೋರಿಸಿದರು. ನನ್ನ ವಯಸ್ಸಿಗೆ ಮನ್ನಣೆ ಕೊಟ್ಟು ಮೊದಲು ನನ್ನನ್ನೇ ಕೇಳಿದರು.

“ಅಜ್ಜಾರ, ನೀವು ಹೇಳ್ರಿ. ಅಡ್ಡಾಡಾಕ ದಾರಿ ಮಾಡಾಕತ್ತೇವಿ. ಕುಂದರಾಕ ಬಾಕು ಎಷ್ಟು ಬೇಕ್ರಿ?”

“ಬಾಕು ಇರ್ಲಿ ಸಾಹೇಬ್ರ,” ಎಂದೆ. “ನನಗೊಂದು ಜೋಕಾಲಿ ಬೇಕಾಗಿತ್ತು. ದೊಡ್ಡವರು ಕುಂತ್ರೂ ತಾಳೂ ಹಂತಾದ್ದು.”

ನಗೆಯ ಅಲೆಯೆದ್ದಿತು. ಹಿಂದಿನಿಂದ ಒಬ್ಬಾತ ಕೂಗಿದ: “ಅಜ್ಜಾರ, ಹಂಗಾರ ಒಂದು ಜಾರಗುಂಡಿನೂ ಹೇಳಿಬಿಡ್ರಿ!”

ನನ್ನ ನೆರೆಮನೆಯ ಗೃಹಿಣಿ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು. “ಏ, ಹಲ್ಲು ಕಿಸೀಬ್ಯಾಡ. ಪಂಚಮ್ಯಾಗ ನಿಮ್ಮವ್ವ ಜೀಕೂದು ನೋಡೇನಿ ನಾ. ಹಲಿಗಿ ಮುರೀತೈತಿ ಅಂತ ನಾವೆಲ್ಲಾ ಅಂಜಿ ನಿಂತಿದ್ವಿ!”

ನಗೆ ಈಗ ಆತನ ಕಡೆಗೆ ತಿರುಗಿತು. ಎಂಜಿನಿಯರರು ಮಾತ್ರ ಸಂಕೋಚದಿಂದ ತಲೆ ಕೆರೆದುಕೊಂಡರು. “ಖರೇ ಐತ್ರಿ ಅಕ್ಕಾರ. ಆದ್ರ ನಿಯಮದಾಗ ಹನ್ನೆರಡು ವರ್ಷದ ಒಳಗಿನ ಮಕ್ಕಳಿಗೆ ಅಂತ ಐತಿ.”

“ವರ್ಷಕ್ಕ ಎರಡು ದಿನ ನಾವೂ ಹನ್ನೆರಡು ವರ್ಷದಾವ್ರ ತಗೋರಿ,” ಎಂದಳು ಆಕೆ.

ಅವರು ನಕ್ಕು, “ನೋಡೂಣ್ರಿ,” ಎಂದರು. ಅಧಿಕಾರಿಗಳ ‘ನೋಡೋಣ’ ಎಂಬ ಮಾತಿನ ಮೇಲೆ ನನಗೆ ಹೆಚ್ಚಿನ ವಿಶ್ವಾಸವಿರಲಿಲ್ಲ. ಆದರೆ ಕೆಲವು ವಾರಗಳ ತರುವಾಯ ಅವರೇ ದಾರಿಯಲ್ಲಿ ಬೈಕು ನಿಲ್ಲಿಸಿ ಹೇಳಿದರು: “ಅಜ್ಜಾರ, ನಿಮ್ಮ ಜೋಕಾಲಿ ಉದ್ಯಮಬಾಗದ ಕಾರ್ಖಾನ್ಯಾಗ ಮಾಡಸಾಕ ಕೊಟ್ಟೇವ್ರಿ. ಪಂಚಮಿ ಒಳಗ ಕುಂದರಸ್ತೇವಿ.” ನಾನು ಅಲ್ಲಿಯೇ ನಿಂತು ಕೈಮುಗಿದೆ. ಆ ತರುಣರಿಗೆ ನಾಚಿಕೆಯಾಯಿತು.

ಉದ್ಯಾನದ ಸುತ್ತ ನೀಲಿ ತಗಡು ಬಂದಿತು. ಹಳೆಯ ಕಬ್ಬಿಣವನ್ನು ಕತ್ತರಿಸಿ ಲಾರಿಗೆ ಹೇರಿದರು; ಹಲಗೆಯೂ ಅದರೊಂದಿಗೇ ಹೋಯಿತು. ಗುಡಿಯ ಜೀರ್ಣೋದ್ಧಾರವಾಗುವಾಗ ಮೂರ್ತಿಯ ಕಳೆಯನ್ನು ಮೊದಲು ಕಲಶಕ್ಕೆ ಆವಾಹಿಸಿ, ಅದನ್ನು ಬೇರೆಡೆ ಕಾಪಾಡಿ, ಆಮೇಲೆ ಕಲ್ಲನ್ನು ಕದಲಿಸುವುದು ವಿಧಿ. ಆಟದ ಬಯಲಿಗೆ ಅಂಥ ವಿಧಿಯನ್ನು ಯಾವ ಆಗಮವೂ ಹೇಳಿಲ್ಲ. ಮರುದಿನ ಬೆಳಗಿನ ಪೂಜೆಯಲ್ಲಿ ಸಂಕೋಲೆಯ ಸದ್ದಿಗಾಗಿ ಕಿವಿ ತಾನಾಗಿ ಕಾಯಿತು. ಮಂತ್ರದ ನಡುವೆ ನಾನು ತಡವರಿಸಿದೆ.

ತಂಗಿಗೆ ಫೋನು ಮಾಡಿ, “ಜೋಕಾಲಿ ಐತಿ, ಹೊಸಾದು,” ಎಂದೆ. ನಾಗಚೌತಿಯ ಹಿಂದಿನ ದಿನ ಖಾನಾಪುರದ ಬಸ್ಸು ಹತ್ತಿದೆ. ಎಡೆಬಿಡದ ಮಳೆ, ಊರಿನ ಬಳಿ ಮಲಪ್ರಭೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಸೊಸೆ ಬಾಗಿಲಲ್ಲಿಯೇ “ಯಾ ಮಾಮಾ, ಬಸಾ,” ಎಂದು ಕೂರಿಸಿ ಚಹ ಕೊಟ್ಟಳು. ತಂಗಿಯ ಮಗ, ನನ್ನ ಅಳಿಯ, ಮೆಲ್ಲಗೆ ಹೇಳಿದ: “ಮಾಮಾ, ಆಯಿದು ಮೊಣಕಾಲು ಭಾಳ ಬಾವು ಬಂದಾವ. ಡಾಕ್ಟರು ಬಸ್ಸು ಬ್ಯಾಡ ಅಂದಾರ. ಆಕಿ ಕೇಳೂದಿಲ್ಲ. ಜೋಕಾಲಿ, ಜೋಕಾಲಿ ಅಂತಾಳ, ಸಣ್ಣ ಹುಡುಗಿ ಹಂಗ.”

ಆ ಸಣ್ಣ ಹುಡುಗಿ ಆಗಲೇ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

ಬಸ್ಸು ಖಾನಾಪುರ ಬಿಟ್ಟಿತೆಂದರೆ ಅವಳ ಕನ್ನಡ ಬಿಚ್ಚಿಕೊಳ್ಳುತ್ತದೆ. ವರ್ಷವಿಡೀ ಮರಾಠಿಯಲ್ಲಿ ಉಂಡು, ಮರಾಠಿಯಲ್ಲಿ ಮಲಗುವವಳು. ದಾರಿಯುದ್ದಕ್ಕೂ ಮಾತೇ ಮಾತು. ಉದ್ಯಮಬಾಗದ ಕಾರ್ಖಾನೆಗಳು ಕಂಡಾಗ ನಾನು, “ನಿನ್ನ ಜೋಕಾಲಿ ಇಲ್ಲೇ ಮಾಡ್ಯಾರ,” ಎಂದು ತೋರಿಸಿದೆ. ಅವಳು ಮಂಜು ಹಿಡಿದ ಗಾಜನ್ನು ಸೆರಗಿನಿಂದ ಒರೆಸಿ, ಯಾವ ಕಾರ್ಖಾನೆಯೆಂದು ಕೇಳದೆಯೇ, ಎಲ್ಲವನ್ನೂ ನೋಡಿದಳು.

ಉದ್ಯಾನದ ತಗಡು ತೆಗೆದಿದ್ದರು. ಒಳಗೆ ಎಲ್ಲವೂ ಸಿದ್ಧವಾಗಿತ್ತು: ಹಳದಿ ಜಾರುಬಂಡಿ, ಕೆಂಪು ಏಣಿ, ಕಾಲಿಗೆ ಮೆತ್ತಗಿರಲೆಂದು ಹಾಸಿದ ಹಸಿರು ರಬ್ಬರಿನ ನೆಲ, ಮತ್ತು ಒಂದು ಬದಿಗೆ ಎತ್ತರವಾದ ಗಟ್ಟಿಮುಟ್ಟಾದ ಕಂಬಗಳ ನಡುವೆ ಅಗಲ ಹಲಗೆಯ ನಮ್ಮ ಜೋಕಾಲಿ. ಗೇಟಿಗೆ ಮಾತ್ರ ಹೊಸ ಕೀಲಿ ಬಿದ್ದಿತ್ತು.

“ಕೆಲಸಾ ಎಲ್ಲಾ ಮುಗದೈತ್ರಿ ಅಜ್ಜಾರ,” ಎಂದ ಕಾವಲುಗಾರ. “ಉದ್ಘಾಟನಾ ಆಗಬೇಕಲ್ರಿ. ದೊಡ್ಡವರ ತಾರೀಖು ಸಿಕ್ಕಿಲ್ಲ. ಅಲ್ಲೀ ತನಕಾ ಯಾರನ್ನೂ ಬಿಡಬ್ಯಾಡ ಅಂದಾರ.”

ಎಂಜಿನಿಯರರಿಗೆ ಫೋನು ಮಾಡಿದೆ. ಅವರ ದನಿಯಲ್ಲಿ ನಿಜವಾದ ನೋವಿತ್ತು. ತಮ್ಮ ಕೈಯಲ್ಲಿಲ್ಲವೆಂದರು.

ಪಂಚಮಿಯ ಮಧ್ಯಾಹ್ನ ಓಣಿಯ ಹೆಂಗಸರೆಲ್ಲ ಹೊಸ ಸೀರೆಯುಟ್ಟು ಗೇಟಿನ ಮುಂದೆ ನೆರೆದರು. ನೆರೆಮನೆಯ ಗೃಹಿಣಿ ತಟ್ಟೆಯನ್ನು ಮುಂದೆ ಹಿಡಿದಳು. “ಉದ್ಘಾಟನಾ ನಾವ ಮಾಡ್ತೀವಿ, ಕೀಲಿ ತಗೀ. ಅರಿಷಿಣ ಕುಂಕುಮ ತಂದೇವಿ, ಕಾಯಿ ತಂದೇವಿ, ಇನ್ನೇನ ಬೇಕು?”

“ನನ್ನ ನೌಕರಿ ಹೊಕ್ಕೈತ್ರೀ ಅಕ್ಕಾರ.”

“ಹೋಗ್ಲಿ ಬಿಡು, ಉಂಡಿ ತಿನ್ನು,” ಎಂದು ಅವನ ಕೈಗೊಂದು ಶೇಂಗಾ ಉಂಡಿ ಕೊಟ್ಟಳು. ಅವನು ತಲೆ ತಗ್ಗಿಸಿಕೊಂಡು ತಿಂದ.

ತಂಗಿ ಎರಡೂ ಕೈಗಳಿಂದ ಗೇಟಿನ ಸರಳು ಹಿಡಿದು ಒಳಗೆ ನೋಡುತ್ತಿದ್ದಳು. ಹಲಗೆಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಇನ್ನೂ ಬಿಚ್ಚಿರಲಿಲ್ಲ. ಶ್ರಾವಣದ ಗಾಳಿಗೆ ಜೋಕಾಲಿ ತಾನೇ ಹಿಂದಕ್ಕೂ ಮುಂದಕ್ಕೂ ಹೋಗುತ್ತಿತ್ತು. ಬಹಳ ಹೊತ್ತಿನ ಮೇಲೆ ಅವಳು, “ಸಪ್ಪಳಾನ ಇಲ್ಲಲ್ಲೋ ಅಣ್ಣಾ ಇದಕ್ಕ,” ಎಂದಳು. ಅಷ್ಟರಲ್ಲಿ ಮಳೆ ಬಂದಿತು. ಹೊಸ ಸೀರೆಗಳು ಒಂದೊಂದಾಗಿ ತಮ್ಮ ತಮ್ಮ ಬಾಗಿಲುಗಳಿಗೆ ಓಡಿದವು. ನಾವಿಬ್ಬರು ಅವಳ ಮೊಣಕಾಲಿನ ವೇಗದಲ್ಲಿ ನೆನೆಯುತ್ತ ಮನೆಗೆ ಬಂದೆವು.

ಆ ಸಂಜೆ ಹಾಲೆರೆದೆವು. ದೇವರ ಪಾಲು, ಗುರುವಿನ ಪಾಲು ಮುಗಿದವು. ತೀರಿಹೋದವರ ಪಾಲುಗಳನ್ನು ಅವಳು ಒಂದನ್ನೂ ಮರೆಯದೆ ಹೇಳಿದಳು, ಅವು ಬಹಳವಾಗಿದ್ದವು. ಕೊನೆಗೆ ಬಟ್ಟಲನ್ನು ಎತ್ತಿ, “ಅಣ್ಣನ ಪಾಲು,” ಎಂದಳು. ನಾನು “ತಂಗಿಯ ಪಾಲು,” ಎಂದೆ. ನಾಗಪ್ಪನ ಹೆಡೆಯಿಂದ ಹಾಲು ಇಳಿಯುವುದನ್ನು ನೋಡುತ್ತ ಇಬ್ಬರೂ ಸ್ವಲ್ಪ ಹೊತ್ತು ಕುಳಿತಿದ್ದೆವು.

ನಾಳೆ ತೆಗೆಯಬಹುದು, ನಾಳಿದ್ದು ತೆಗೆಯಬಹುದೆಂದು ಅವಳನ್ನು ಇನ್ನೂ ಕೆಲವು ದಿನ ನಿಲ್ಲಿಸಿಕೊಂಡೆ. ಕೀಲಿ ತೆಗೆಯಲಿಲ್ಲ. ಮೊಣಕಾಲಿನ ಬಾವು ಹೆಚ್ಚಿತು. ಅಳಿಯ ಕಾರು ತಂದು ಕರೆದೊಯ್ದ. ಕಾರಿನ ಕಿಟಕಿಯಿಂದ ನನ್ನ ಕೈ ಹಿಡಿದು ಅವಳು ಹೇಳಿದಳು: “ಕೀಲಿ ತಗದ ಮ್ಯಾಲೆ ನೀ ಕುಂತು ನೋಡು. ಹೆಂಗೈತಿ ಅಂತ ನನಗ ಹೇಳು.”

“ನಾ ಎಂದಾದ್ರೂ ಕುಂತೇನೇನು?”

“ಅದಕ್ಕ ಹೇಳಿದ್ದು.”

ಶ್ರಾವಣ ಮುಗಿದು, ಗಣಪತಿಯೂ ನೀರಿಗೆ ಹೋದ ಮೇಲೆ ಉದ್ಘಾಟನೆಯಾಯಿತು. ಡೋಲು, ರಿಬ್ಬನ್ನು, ಭಾಷಣ. ನಾನು ಹೋಗಲಿಲ್ಲ. ಅಂದು ಸಂಜೆಯೆಲ್ಲ ಮಕ್ಕಳ ಕೇಕೆ ನನ್ನ ಕೋಣೆಯವರೆಗೂ ಕೇಳಿಬಂತು. ಕಿವಿಗೆ ಹಿತವಾಗಿತ್ತು.

ಮರುದಿನ ಪೂಜೆ ಮುಗಿಸಿ, ವಿಭೂತಿ ಆರುವ ಮೊದಲೇ ಉದ್ಯಾನಕ್ಕೆ ಹೋದೆ. ಆಗಷ್ಟೇ ಬೆಳಕು ಹರಿಯುತ್ತಿತ್ತು. ಯಾರೂ ಇರಲಿಲ್ಲ. ‘ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರ’ ಎಂಬ ಫಲಕವನ್ನು ದಾಟಿ, ಧೋತರವನ್ನು ಒತ್ತಾಗಿ ಹಿಡಿದು, ಗುರುವನ್ನು ನೆನೆದು ಹಲಗೆಯ ಮೇಲೆ ಕುಳಿತೆ. ಅದು ತಣ್ಣಗಿತ್ತು. ಸಂಕೋಲೆಯನ್ನು ಹಿಡಿದದ್ದಾಯಿತು, ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ. ಜೇಬಿನಿಂದ ಫೋನು ತೆಗೆದು ತಂಗಿಗೆ ಹಚ್ಚಿದೆ.

“ಕುಂತಿ?” ಎಂದಳು, ನಾನು ಹೇಳುವ ಮೊದಲೇ.

“ಕುಂತೇನಿ.”

“ಹೆಂಗೈತಿ?”

“ಗಟ್ಟಿ ಐತಿ. ಹಲಿಗಿ ಅಗಲ ಐತಿ. ಮುಂದಿನ ಪಂಚಮಿಗೆ ನೀ ಬರ್ತಿ...”

“ಮುಂದಿನ ಪಂಚಮಿ ಮಾತು ಬಿಡೋ. ಡಾಕ್ಟರು ಅಂಗಳಾನೂ ಇಳೀಬ್ಯಾಡ ಅಂದಾರ. ನಾ ಇನ್ನ ಬರೂದಾಗೂದಿಲ್ಲ.” ಇದನ್ನು ಅವಳು ಮಳೆ ನಿಂತಿತೆಂದು ಹೇಳುವಷ್ಟು ಸರಳವಾಗಿ ಹೇಳಿದಳು. “ಜೀಕಾಕತ್ತಿ ಇಲ್ಲೋ?”

“ಹೆಂಗ ಜೀಕ್ಲಿ? ಹಿಂದ ಯಾರೂ ಇಲ್ಲ.”

“ಯಾರೂ ಇಲ್ಲಂದ್ರ ಕಾಲಿನ ಹೆಬ್ಬಟ್ಟು ನೆಲಕ್ಕ ಒತ್ತಬೇಕು. ಹಿಂದ ಸರೀತೈತಿ. ಆಮ್ಯಾಲೆ ಕಾಲು ಮುಂದ ಚಾಚು.”

“ನಿನಗ ಯಾರ ಕಲಿಸಿದ್ರು? ನಿನ್ನ ಎಂದೂ ನಾನ ತೂಗೀನಲ್ಲ.”

“ಮದಿವಿ ಆದ ಮೊದಲನೇ ಪಂಚಮಿ. ಹಳ್ಳ ತುಂಬಿ ಜಾಂಬೋಟಿ ದಾರಿ ಕಟ್ಟಾಗಿತ್ತಲ್ಲ, ನಿಮಗ ಯಾರಿಗೂ ಬರಾಕ ಆಗ್ಲಿಲ್ಲ. ಗಂಡನ ಮನ್ಯಾಗಿನವರೆಲ್ಲಾ ಭತ್ತದ ನಾಟಿಗೆ ಹೋಗಿದ್ರು. ಕೊಟಗಿ ತೊಲಿಗೆ ದನದ ಹಗ್ಗ ಕಟ್ಟಿ ನಾನೊಬ್ಬಾಕಿನ ಜೀಕಿದೆ. ಅಳಕೋತನ ಜೀಕಿದೆ ತಗೋ. ಅವಾಗ ಕಲತೆ.”

ಇಷ್ಟು ವರ್ಷ ಅವಳು ಅದನ್ನು ಹೇಳಿರಲಿಲ್ಲ. ನಾನು ಏನಾದರೂ ಹೇಳುವ ಮೊದಲೇ ಒಳಗಿನಿಂದ ಸೊಸೆ ಚಹಕ್ಕೆ ಕರೆದ ದನಿ ಕೇಳಿಸಿತು. “ಆಲೆ, ಆಲೆ,” ಎಂದು ತಂಗಿ ಮರಾಠಿಗೆ ಮರಳಿದಳು. ಫೋನು ನಿಂತಿತು.

ನಾನು ಹೆಬ್ಬಟ್ಟನ್ನು ನೆಲಕ್ಕೆ ಒತ್ತಿದೆ. ರಬ್ಬರಿನ ನೆಲ ಮಣ್ಣಿನಂತೆ ಎದುರು ಕೊಡಲಿಲ್ಲ; ಕಾಲು ಸ್ವಲ್ಪ ಒಳಗಿಳಿಯಿತು. ಮತ್ತೊಮ್ಮೆ ಒತ್ತಿದೆ. ಹಲಗೆ ಸದ್ದಿಲ್ಲದೆ, ಒಂದು ಗೇಣಿನಷ್ಟು, ಹಿಂದಕ್ಕೆ ಸರಿಯಿತು.